ಎಲೆಗೆ ಎಡ ಬಲ ಇಲ್ಲ

ಮಂಡ್ಯದ ಕೋರ್ಟಿನೆದುರು ಹೊಂಗೆ ಮರಕ್ಕೆ ಬೆನ್ನು ಕೊಟ್ಟು
ಮೂರಡಿ ಅಗಲದ ಅಂಗಡಿ ನಮ್ಮದು:
ರಬ್ಬರ್ ಸ್ಟಾಂಪು, ಸೀಲು, ನಾಮಫಲಕ.
ಅಪ್ಪ ಕಲಿಸಿದ್ದು ಒಂದೇ ವಿದ್ಯೆ,
ಕನ್ನಡವನ್ನು ಬಲದಿಂದ ಎಡಕ್ಕೆ ಓದುವುದು.
'ರದ್ದು', 'ನಿಜಪ್ರತಿ', 'ಹಣ ಸಂದಾಯವಾಗಿದೆ'.
ತಲೆಕೆಳಗಲ್ಲ ಮಗಾ, ಕನ್ನಡಿಯೊಳಗೆ, ಅನ್ನುತ್ತಿದ್ದ.
ಒತ್ತಕ್ಷರಕ್ಕೆ ಉಸಿರು ಬಿಗಿಹಿಡಿ.
ದೀರ್ಘದ ಬಾಲ ಬ್ಲೇಡು ಕಂಡರೆ ಹೆದರುತ್ತೆ.

ಈಗ ಪೇಟೆ ಬೀದಿಗೆ ಲೇಸರ್ ಮೆಷೀನು ಬಂದಿದೆ,
ಹತ್ತು ನಿಮಿಷಕ್ಕೊಬ್ಬ ತಹಶೀಲ್ದಾರರನ್ನು ಉಗುಳುತ್ತದೆ.
ನನಗುಳಿದದ್ದು ಚೂರುಪಾರು ರಬ್ಬರು,
ಉದ್ದನೆಯ ಮಧ್ಯಾಹ್ನ,
ಮೇಜಿನ ಮೇಲೆ ತಾನಾಗಿ ಉದುರಿದ ಒಂದು ಹೊಂಗೆಲೆ.

ಕೆತ್ತಿದೆ.
ಒತ್ತಿದ ಮೇಲೆ ಗೊತ್ತಾಯಿತು
ಎಲೆಗೆ ಎಡ ಬಲ ಇಲ್ಲ,
ಯಾವ ಕಡೆಯಿಂದ ಓದಿದರೂ ಹೊಂಗೆ.
ಮೂವತ್ತು ವರ್ಷದಲ್ಲಿ ಮೊದಲ ಸಲ
ಕತ್ತು ನೋಯದ ಕೆಲಸ.

ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳದ್ದು.
ಇರಲಿ, ಹೊಂಗೆಗಿಂತ ಅವರೇನು ದೊಡ್ಡವರಾ
ಅಂತ ಒಂದು ಪ್ಯಾಡಿಗೆ ಸುರಿದೆ.
ಪಕ್ಕದ ಪ್ರೆಸ್ಸಿನ ಹೊಂಬಾಳಯ್ಯ
ನಿಂತುಹೋದ ಮದುವೆಯ ಲಗ್ನಪತ್ರಿಕೆ ಕಟ್ಟು ಕೊಟ್ಟರು:
ಮುನ್ನೂರು, ದಪ್ಪ ಕಾಗದ, ಅರ್ಧ ಖಾಲಿ.
ಹುಡುಗ ಹುಡುಗಿಯ ಹೆಸರು ಕತ್ತರಿಸಿ ತೆಗೆದೆ,
ಇಬ್ಬರನ್ನೂ ಒಂದೇ ಬುಟ್ಟಿಗೆ ಹಾಕಿದೆ.

ಕಬ್ಬಿನ ಸೂಲಂಗಿಗೆ ಹವಾಯಿ ಚಪ್ಪಲಿಯ ಅಟ್ಟೆ,
ಸವೆದಷ್ಟೂ ನವಿರು.
ನಾಲೆಯ ನೀರಿಗೆ ಹಲ್ಲು ಮುರಿದ ಬಾಚಣಿಗೆ.
ಕೊಕ್ಕರೆಯ ಕಾಲು ಮಾತ್ರ ಮೂರು ಸಲ ತುಂಡಾಯಿತು.
ಹೋಗಲಿ ಬಿಡು,
ಅದು ನಿಲ್ಲುವುದೇ ಒಂಟಿಕಾಲಲ್ಲಿ.
ಬಾಲದ ಗುಲಾಬಿಗೆ ಕೆಂಪು ಶಾಯಿ,
ಕಿರುಬೆರಳ ತುದಿಯಿಂದ, ಮುಟ್ಟಿಯೂ ಮುಟ್ಟದ ಹಾಗೆ.
ಪೂರ್ವಕ್ಕೆ ಬೆನ್ನು ಹಾಕಿಸಿ ಕೆತ್ತಿದ್ದೆ,
ಕಾಗದಕ್ಕಿಳಿದದ್ದೇ
ಕೊಕ್ಕು ಬೆಳ್ಳೂರಿನ ಕಡೆಗೆ ತಿರುಗಿಸಿಕೊಂಡಿತು.
ಆಕಾಶಕ್ಕೆ ಏನು ಒತ್ತಬೇಕೋ ತಿಳಿಯದೆ ಹಾಗೇ ಬಿಟ್ಟೆ.

ಮೊದಲನೆಯದು ತಸ್ಲೀಮಳಿಗೆ, ಗುತ್ತಲಿಗೆ.
ಏಳನೇ ಕ್ಲಾಸಿನಲ್ಲಿ ಅವಳಮ್ಮನ ಈಳಿಗೆಯಲ್ಲಿ
ಬೆಂಡೆಕಾಯಿ ಅಡ್ಡ ಕುಯ್ದು, ನೀಲಿ ಮಸಿಗೆ ಅದ್ದಿ
ಹಾಜರಿ ಪುಸ್ತಕದ ತುಂಬ ಐದೆಸಳ ಹೂ ಒತ್ತಿದ್ದೆವು.
ಆವತ್ತು ಶಾಲೆಗೆ ಯಾರೂ ಗೈರುಹಾಜರಿಲ್ಲ.
ಇಬ್ಬರ ಅಂಗೈಗೂ ಬೆತ್ತ, ನೀಲಿಯ ಮೇಲೆ ಕೆಂಪು.
ಕಾರ್ಡಿನ ಹಿಂದೆ 'ಶುಭಾಶಯ' ಅಂತ ಬರೆಯಲು ಹೋದೆ,
ಕೈ ಅದನ್ನೂ ತಿರುಗುಮುರುಗು ಬರೆಯಿತು.
ಹೊಡೆದುಹಾಕಿ ಒಂದೇ ಸಾಲು:
ಬೆಂಡೆಕಾಯಿ ಇನ್ನೂ ಐದೆಸಳೇ ಕಣೆ.

ಹನ್ನೆರಡು ದಿನಕ್ಕೆ ವಾಪಸು ಬಂತು.
ಹಿಂದು ಮುಂದು ನೋಡದೆ ಯಾರೋ
ಖಾಲಿ ಆಕಾಶಕ್ಕೆ ಓರೆಯಾಗಿ ಗುದ್ದಿದ್ದರು,
ನೇರಳೆ ಬಣ್ಣದಲ್ಲಿ:
'ವಿಳಾಸದಾರರು ಮನೆ ಬಿಟ್ಟಿದ್ದಾರೆ'.

ಓದಿದೆ. ಮತ್ತೆ ಬಲದಿಂದ ಎಡಕ್ಕೆ ಓದಿದೆ.
ಆ 'ಳ'ದ ಹೊಟ್ಟೆಯಲ್ಲೊಂದು ಕಚ್ಚು.
ಗೌರಿ ಹಬ್ಬದ ಹಿಂದಿನ ರಾತ್ರಿ, ಕರೆಂಟಿಲ್ಲ,
ಮೋಂಬತ್ತಿ, ಅವಸರ, ಜಾರಿದ ಬ್ಲೇಡು.
ಅಂಚೆ ಕಚೇರಿಯ ಆರ್ಡರು, ಅರವತ್ತು ರೂಪಾಯಿ.
ಅಕ್ಷರ ನನ್ನದೇ.

ಮೊನ್ನೆ ಪೋಸ್ಟ್‌ಮ್ಯಾನ್ ಮರೀಗೌಡ ಬಂದ:
ಅಕ್ಕಾ, ಆ ವಾಪಸು ಸೀಲು ಸವೆದೋಗದೆ,
ಇನ್ನೊಂದು ಮಾಡ್ಕೊಡಿ.
ಆಯ್ತು, ಶನಿವಾರ ಬಾ ಅಂದೆ.
ಗುತ್ತಲಿನ ಆ ಮನೆಯೋರು ಎಲ್ಲಿಗೆ ಹೋದರು?
ಇಚಾರಿಸ್ತೀನಿ, ಅಂದ. ಸೈಕಲ್ ಹತ್ತಿದ.

ಈ ಸಲ 'ಳ'ದ ಹೊಟ್ಟೆ ತುಂಬಿಸಿದ್ದೇನೆ.
ಮೂಲೆಯಲ್ಲಿ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ,
ಒಂದು ಬೆಂಡೆಯ ಹೂ.
ಆರ್ಡರಿನಲ್ಲಿ ಇಲ್ಲ.
ಅಂಚೆಯವರು ಕೇಳಿದರೆ ರಬ್ಬರಿನ ದೋಷ ಅನ್ನಬೇಕು.

ಇನ್ನೂರ ತೊಂಬತ್ತೊಂಬತ್ತು ಕಾಗದ ಉಳಿದಿದೆ.
ಆ ಕಡೆ ಕೈ ಇಡಬೇಡಿ ವಕೀಲರೇ,
ಕೊಕ್ಕರೆ ಇನ್ನೂ ಹಸಿ.